ಲಾವಂಚದ ಕಾರಿನಲ್ಲಿ ತವರಿಗೆ

ಮೊನ್ನೆ ನಿಮ್ಮ ಹಳೆಯ ಕಾರಿನಲ್ಲಿ ಏಸಿಯ ನೀರು ಒಳಗೇ ಸೋರಿ ನನ್ನ ಪಾದಕ್ಕೆ ತಾಗಿತು. ನಾನು ಬೆಚ್ಚಿ ಕಾಲು ಮೇಲೆತ್ತಿಕೊಂಡೆ. ನೀವೆಲ್ಲ ನಕ್ಕಿರಿ. ಯಾಕೆ ಬೆಚ್ಚಿದೆನೆಂದು ನಿಮ್ಮೆದುರು ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಬರೆಯುವುದಾದರೆ ಅಷ್ಟು ಕಷ್ಟವಿಲ್ಲ.

ನಿಮ್ಮ ಅಪ್ಪ ಆಗ ನನ್ನ ಹೊಟ್ಟೆಯಲ್ಲಿದ್ದ. ಸಾವಿರದ ಒಂಬೈನೂರ ಅರವತ್ತರ ಆಚೀಚೆ ಇರಬೇಕು, ನನಗೆ ಹದಿನೆಂಟು ತುಂಬಿತ್ತು. ಏಳನೇ ತಿಂಗಳಲ್ಲಿ ಬಳೆ ತೊಡಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಕಳುಹಿಸಿದರು. ಗಂಡನ ಮನೆ ಮೇಲೂರು, ತವರು ಗೌರಿಬಿದನೂರಿನ ಆಚೆ ನಗರಗೆರೆ. ಕರೆದೊಯ್ಯಲು ನಮ್ಮಪ್ಪ ಒಬ್ಬರೇ ಬಂದಿದ್ದರು. ಅತ್ತೆ ಜೊತೆಗೆ ಬರುವುದೆಂದಿತ್ತು. ಆದರೆ ಅದೇ ಬೆಳಿಗ್ಗೆ ರೇಷ್ಮೆ ಹುಳು ಕೊನೆಯ ಪೊರೆ ಬಿಟ್ಟು ಎದ್ದಿತ್ತು. ಎದ್ದ ಹುಳುವಿಗೆ ಸೊಪ್ಪು ತಪ್ಪಿದರೆ ಬೆಳೆಯೇ ಹೋಗುತ್ತದೆ. ಅತ್ತೆಯೂ ನಿಮ್ಮ ತಾತನೂ ಮನೆ ಬಿಡುವಂತಿರಲಿಲ್ಲ. ಅತ್ತೆ ನನ್ನ ಮಡಿಲಿಗೆ ಬೇವಿನ ಸೊಪ್ಪು, ಒಂದು ಅಡಕೆ ಕತ್ತರಿ ಇಟ್ಟು, ತವರಿನ ಬಾಗಿಲು ಮುಟ್ಟುವ ತನಕ ದಾರಿಯಲ್ಲಿ ಎಲ್ಲೂ ಇಳಿಯಬಾರದು, ಮೂರು ದಾರಿ ಕೂಡುವಲ್ಲಿ ಬಸುರಿ ಕಾಲಿಡಬಾರದು ಎಂದು ಎರಡೆರಡು ಸಲ ಹೇಳಿದರು.

ಎತ್ತಿನ ಗಾಡಿಯ ಕುಲುಕು ಬೇಡವೆಂದು ಶಿಡ್ಲಘಟ್ಟದ ಸಾಹೇಬರೊಬ್ಬರು ತಮ್ಮ ಕಾರು ತಂದಿದ್ದರು. ನಮ್ಮ ರೇಷ್ಮೆ ಗೂಡು ಕೊಳ್ಳುತ್ತಿದ್ದವರು, ನಮ್ಮಪ್ಪನ ವಯಸ್ಸಿನವರು. ಕಾರು ಬಹಳ ಹಳೆಯದು. ಅದರ ಮೂತಿಯ ಮೇಲೆ ಗಾಳಿ ಬರಲು ಒಂದು ಕಿಂಡಿ ಇತ್ತು. ಸಾಹೇಬರು ಆ ಕಿಂಡಿಗೆ ಒಳಗಡೆಯಿಂದ ತಗಡಿನ ಪೆಟ್ಟಿಗೆ ಕೂರಿಸಿ, ಅದರ ತುಂಬ ಲಾವಂಚದ ಬೇರು ತುರುಕಿದ್ದರು. ಮೇಲಿನ ಡಬ್ಬಿಯಿಂದ ಬೇರಿನ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಕಾರು ಓಡಿದರೆ ತಣ್ಣನೆಯ ಗಾಳಿ ಹಿಂದಿನ ಸೀಟಿನವರೆಗೂ ಬರುತ್ತಿತ್ತು. ಮಿಕ್ಕ ನೀರು ರಬ್ಬರ್ ಕೊಳವೆಯಲ್ಲಿ ಇಳಿದು ರಸ್ತೆಗೆ ಬೀಳಬೇಕು. ಬಸುರಿ ಹೆಂಗಸಿಗೆ ಸೆಕೆಯಾಗಬಾರದೆಂದು ಸಾಹೇಬರು ಶಿಡ್ಲಘಟ್ಟದಲ್ಲೊಮ್ಮೆ, ಚಿಕ್ಕಬಳ್ಳಾಪುರದಲ್ಲೊಮ್ಮೆ ಇಳಿದು ಡಬ್ಬಿ ತುಂಬಿಸಿದರು.

ಚಿಕ್ಕಬಳ್ಳಾಪುರ ದಾಟಿ ರಸ್ತೆ ಏರತೊಡಗಿತು. ನಾನು ಹಿಂದೆ ಒಬ್ಬಳೇ ಕುಳಿತು ತೂಕಡಿಸುತ್ತಿದ್ದೆ. ಎಚ್ಚರವಾದಾಗ ಪಾದ ಒದ್ದೆ. ಬಗ್ಗಿ ಮುಟ್ಟಿದೆ. ಸೀರೆಯ ಅಂಚು, ಒಳಗಿನ ಲಂಗ ಎರಡೂ ಮೊಳಕಾಲಿನ ಹತ್ತಿರದವರೆಗೆ ನೆನೆದಿದ್ದವು.

ಆ ಕಾಲದಲ್ಲಿ ಇಂಥದ್ದನ್ನೆಲ್ಲ ನಮಗೆ ಯಾರೂ ಕೂರಿಸಿಕೊಂಡು ಹೇಳುತ್ತಿರಲಿಲ್ಲ. ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಂಡದ್ದಷ್ಟೇ ನಮ್ಮ ತಿಳಿವಳಿಕೆ. ದೊಡ್ಡಮ್ಮನ ಮಗಳಿಗೆ ಏಳನೇ ತಿಂಗಳಲ್ಲೇ ಹೊಟ್ಟೆಯ ನೀರು ಹೋಗಿ ಮಗು ಉಳಿಯಲಿಲ್ಲವೆಂದು ಹೆಂಗಸರು ಪಿಸುಗುಟ್ಟಿದ್ದು ಕೇಳಿದ್ದೆ. ನನಗೂ ಅದೇ ಆಯಿತು ಎಂದುಕೊಂಡೆ. ಆ ನೀರು ಬೆಚ್ಚಗಿರುತ್ತದೆ ಎಂದಿದ್ದರಲ್ಲ, ಇದು ತಣ್ಣಗಿದೆ ಎಂದು ಒಂದು ಗಳಿಗೆ ಸಮಾಧಾನ ಮಾಡಿಕೊಂಡೆ. ಈ ಗಾಳಿಗೆ ಬೆಚ್ಚಗಿನದೂ ತಣ್ಣಗಾಗದೆ ಇರುತ್ತದೆಯೇ ಎಂದು ಮರುಗಳಿಗೆಯೇ ಹೆದರಿದೆ. ಹೊಟ್ಟೆಯ ಮೇಲೆ ಕೈಯಿಟ್ಟೆ. ಮಗು ಅಲ್ಲಾಡಲಿಲ್ಲ. ತೊಡೆ ಬಿಗಿಹಿಡಿದು, ಉಸಿರನ್ನೂ ಮೆಲ್ಲಗೆ ಬಿಡುತ್ತ ಕುಳಿತೆ. ಏರು ಹೆಚ್ಚಾದಷ್ಟೂ ನೀರು ಹೆಚ್ಚಾಗುತ್ತಿತ್ತು.

ಮುಂದೆ ಇಬ್ಬರೂ ಗಂಡಸರು. ಒಬ್ಬರು ಹೆತ್ತ ತಂದೆ, ಇನ್ನೊಬ್ಬರು ಪರರು. ಏನೆಂದು ಹೇಳಲಿ? ಎಷ್ಟು ದೂರ ಹಾಗೇ ಹೋದೆನೋ ಗೊತ್ತಿಲ್ಲ. ಹೇಳದೆ ಕುಳಿತದ್ದಕ್ಕೇ ಮಗು ಹೋದರೆ ಎಂಬುದು ತಲೆಗೆ ಹೊಳೆದ ಮೇಲೆ ಬಾಯಿ ಬಂತು.

"ಅಪ್ಪ, ಹೆಂಗಸ್ರು ಇರೋ ಕಡೆ ಎಲ್ಲಾದ್ರೂ ನಿಲ್ಸೋಕೆ ಹೇಳಪ್ಪ."

ನಮ್ಮಪ್ಪ ಹಿಂದಿರುಗಿ ನೋಡಿದರು. ಅವರ ಮುಖ ಬಿಳಿಚಿದ್ದು ಕಂಡು ನನ್ನ ಹೆದರಿಕೆ ಇಮ್ಮಡಿಯಾಯಿತು. ಸಾಹೇಬರು ಕಾರು ಜೋರು ಮಾಡಿದರು.

ಒಂದು ಕಡಲೆಕಾಯಿ ಹೊಲದ ಬದುವಿನಲ್ಲಿ, ಹೊಂಗೆ ಮರದ ನೆರಳಿಗೆ ನಾಲ್ಕಾರು ಹೆಂಗಸರು ಮುದ್ದೆ ಉಣ್ಣುತ್ತಿದ್ದರು. ನಮ್ಮಪ್ಪ ಓಡಿಹೋಗಿ ಅವರಲ್ಲಿ ಹಿರಿಯಳನ್ನು ಕರೆತಂದರು. ಇಬ್ಬರು ಗಂಡಸರೂ ದೂರ ಹೋಗಿ ಬೆನ್ನು ತಿರುಗಿಸಿ ನಿಂತರು. ಆ ಮುದುಕಿ ಎಂಜಲು ಕೈಯನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಬಂದಳು. ನಾನು ಕಣ್ಣು ಮುಚ್ಚಿಕೊಂಡೆ. ಅವಳು ನೋಡಬೇಕಾದ್ದನ್ನೆಲ್ಲ ನೋಡಿದಳು. ಆಮೇಲೆ ನನ್ನ ಸೀರೆಯಂಚು ಹಿಂಡಿ ಮೂಸಿದಳು.

"ಮೇಲೆಲ್ಲಾ ಒಣಗೈತೆ, ಕೆಳಗಡೆ ಮಾತ್ರ ನೆಂದೈತೆ. ಇದು ನಿಂದಲ್ಲ ಕಣಮ್ಮ. ಲಾವಂಚದ ನೀರು. ನಿನ್ ಹೊಟ್ಟೇಲಿ ಲಾವಂಚ ಬೆಳ್ದೈತಾ?"

ನನಗೆ ನಗು ಬರಲಿಲ್ಲ. ಮಗು ಅಲ್ಲಾಡುತ್ತಿಲ್ಲ ಎಂದೆ. ಅವಳು ಹೊಟ್ಟೆಯ ಎಡಕ್ಕೆ ಅಂಗೈ ಒತ್ತಿ ಬಹಳ ಹೊತ್ತು ಹುಡುಕಿದಳು. ಅಷ್ಟು ಉದ್ದದ ಹೊತ್ತನ್ನು ನಾನು ಇನ್ನೆಂದೂ ಕಳೆದಿಲ್ಲ. ಕೊನೆಗೆ, "ಬಿಡ್ಡ ಕದುಲ್ತಾ ಉಂದಿ. ಕೂಸು ಮಿಸುಕಾಡ್ತೈತೆ ಕಣಮ್ಮ. ನಿನ್ನ ಹಂಗೇ ಹೆದರಿ ಮುದುರಿಕೊಂಡೈತೆ," ಎಂದಳು. ಅವಳ ಕೈ ತಾಗಿದಲ್ಲೇ ನನಗೂ ಆ ಮಿಸುಕಾಟ ತಿಳಿಯಿತು.

ಸಾಹೇಬರು ಮುಂದಿನ ಚಾಪೆ ಎತ್ತಿದರೆ ಅಡಿಯಲ್ಲಿ ನೀರು ನಿಂತಿತ್ತು. ಏರಿನಲ್ಲಿ ಅದೇ ಹಿಂದಕ್ಕೆ ಹರಿದು ನನ್ನ ಕಾಲಿಗೆ ಬಂದಿತ್ತು. ಅವರು ಕಾರಿನಡಿ ಮಲಗಿ ಕೊಳವೆ ಕಿತ್ತರು. ಅದರ ಬಾಯಿಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತು, ಅದರ ಹಿಂದೆ ಉದುರಿದ ಬೇರಿನ ಚೂರು ಬೆಣೆ ಬಡಿದಂತೆ ಕೂತಿತ್ತು. ಕಡ್ಡಿಯಿಂದ ಕೆದಕಿ, ಬಾಯಿಟ್ಟು ಊದಿ, ಮತ್ತೆ ಕೂರಿಸಿ ನೀರು ಬಿಟ್ಟರು. ರಸ್ತೆಗೆ ಸಣ್ಣ ಧಾರೆ ಬಿತ್ತು.

"ತಪ್ಪು ನಂದೇ ಬೇಟಿ. ಹೊರಡೋಕ್ ಮುಂಚೆ ನೋಡ್ಬೇಕಿತ್ತು," ಎಂದು ಅವರು ನನ್ನ ಕಡೆ ನೋಡದೆಯೇ ಹೇಳಿದರು. ಮತ್ತೆ ಡಬ್ಬಿ ತುಂಬಿಸಲು ಹೋದರು.

ಬೇಡ ಎಂದೆ. ಪರ ಗಂಡಸಿನ ಎದುರು ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಡಬ್ಬಿಯಲ್ಲಿದ್ದ ನೀರನ್ನೂ ಚೆಲ್ಲಿಸಿದೆ, ಚಾಪೆಯಡಿಯ ನೀರನ್ನೂ ಒರೆಸಿಸಿದೆ, ಲಾವಂಚವನ್ನೂ ತೆಗೆಸಿದೆ. ಕಾರಿನೊಳಗೆ ಒಂದು ತೊಟ್ಟು ನೀರೂ ಇರಬಾರದು. ಹಾಗಿದ್ದರೆ ಇನ್ನು ಮೇಲೆ ಒದ್ದೆಯಾದರೆ ಅದು ಕಾರಿನದೋ ನನ್ನದೋ ಎಂಬ ಅನುಮಾನವೇ ಇರುವುದಿಲ್ಲ. ಮುದುಕಿ ತನ್ನ ತಲೆಗೆ ಸುತ್ತಿದ್ದ ಒಣ ಬಟ್ಟೆ ಬಿಚ್ಚಿ ನನ್ನ ಕಾಲಡಿ ಹಾಸಿದಳು. ಅವಳ ಹೆಸರು ಕೇಳಲೂ ನನಗೆ ತೋಚಲಿಲ್ಲ.

ಉರಿ ಬಿಸಿಲಿನಲ್ಲಿ ಕಾದ ತಗಡಿನ ಕಾರು. ಗೌರಿಬಿದನೂರು ಬಂತು, ಹೋಯಿತು. ನಮ್ಮಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಇಬ್ಬರೂ ಸೆಕೆ ಎಂದು ಒಂದು ಮಾತಾಡಲಿಲ್ಲ. ನಾನು ಹೆಬ್ಬೆರಳಿನಿಂದ ಆ ಬಟ್ಟೆಯನ್ನು ಒತ್ತಿ ಒತ್ತಿ ನೋಡುತ್ತ ಕುಳಿತೆ. ನಗರಗೆರೆಯಲ್ಲಿ ಅಮ್ಮ ಆರತಿ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಇಳಿಯುವ ಮೊದಲು ಬಗ್ಗಿ ಬಟ್ಟೆಯನ್ನು ಎರಡೂ ಕೈಯಿಂದ ಇನ್ನೊಮ್ಮೆ ಮುಟ್ಟಿದೆ. ಒಣಗೇ ಇತ್ತು.