ಮಾವ ಮೈಕ್ ಹಿಡಿದ ದಿನ

ಲುಂಗಿ ಉಟ್ಟು ನಿಂತಾಗಲೂ ನನ್ನ ಸೋದರಮಾವನ ಹೆಬ್ಬೆರಳುಗಳು ಕವಾಯತಿನ ಪ್ಯಾಂಟಿನ ಹೊಲಿಗೆ ಹುಡುಕುವ ಹಾಗೆ ತೊಡೆಯ ಪಕ್ಕಕ್ಕೇ ಅಂಟಿಕೊಂಡಿರುತ್ತಿದ್ದವು. ಸೈನ್ಯ ಅವನಲ್ಲಿ ಉಳಿಸಿದ್ದು ಅಷ್ಟೇ. ಗಡಿಯಿಂದ ಹೇಳದೆ ಕೇಳದೆ ಓಡಿ ಬಂದು, ಶಿಕ್ಷೆಯಾಗಿ, ಕೆಲಸ ಕಳೆದುಕೊಂಡು, ಭದ್ರಾವತಿ ಓಲ್ಡ್ ಟೌನಿನ ನಮ್ಮ ಮನೆಯ ಹಿಂದಿನ ಕೋಣೆ ಸೇರಿದ್ದ. ಹೊರಗೆ ಕಾಲಿಟ್ಟರೆ "ಏನ್ ಮಾರಾಯ, ಇವತ್ತು ಎಲ್ಲಿಂದ ಓಡಿ ಬಂದೆ?" ಎನ್ನುವವರು. ಒಳಗೆ ಅಜ್ಜ, ಅಂದರೆ ಅವನ ಅಪ್ಪ, ಅವನ ಜೊತೆ ಮಾತೇ ಬಿಟ್ಟಿದ್ದರು.

ಗಡಿಯಲ್ಲಿ ಮತ್ತೆ ಯುದ್ಧ ಹತ್ತಿಕೊಂಡ ವಾರ ಸೇನೆಯ ಸಮವಸ್ತ್ರದ ಇಬ್ಬರು ಎದುರುಮನೆಗೆ ಬಂದರು. ಆ ಮನೆಯ ಮಗ ಸೈನಿಕ. "ಸನ್ಮಾನ ಮಾಡ್ತೀವಿ ಅಮ್ಮ, ಮಗ ಈಗ ಎಲ್ಲಿದಾನೆ?" ಎಂದು ತಾಯಿಯನ್ನು ಕೇಳಿ, ಟೋಪಿ ತೆಗೆದಿಟ್ಟು, ಮಗನ ಫೋಟೋಗೆ ಸೆಲ್ಯೂಟ್ ಹೊಡೆದರು.

ಕಿಟಕಿಯಲ್ಲಿದ್ದ ಮಾವ ಸೆಟೆದು ನಿಂತ. "ಬರಿತಲೇಲಿ ನಮ್ಮೋರು ಸೆಲ್ಯೂಟ್ ಹೊಡೆಯಲ್ಲ ಮಾರಾಯ್ತಿ. ಇವರು ವೇಷದೋರು. ಪೊಲೀಸಿಗೆ ಫೋನ್ ಮಾಡು."

ನಾನು ಫೋನ್ ಮಾಡುವಷ್ಟರಲ್ಲಿ ಅವನು ಬೀದಿಗಿಳಿದಿದ್ದ. "ಸಾರ್, ಮೊದ್ಲು ನಿಮಗೇ ನಮ್ಮ ಬೀದಿಯವರ ಸನ್ಮಾನ ಆಗ್ಬೇಕು!"

ನಮ್ಮ ಬೀದಿಗೆ ಇಷ್ಟು ಸಾಕು. ಗಣಪತಿ ಪೆಂಡಾಲಿನ ಮೈಕ್ ಬಂತು. ಶಾಲು, ಪೇಟ, ಹಾರ, ತೊಡೆಯ ಮೇಲೆ ಹಣ್ಣಿನ ತಟ್ಟೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಇಬ್ಬರೂ ಸಿಕ್ಕಿಬಿದ್ದರು. ಭಾಷಣಕ್ಕೆ ಅವಕಾಶ ಸಿಕ್ಕಿದರೆ ಬಿಡುವ ಹಿರಿಯರು ನಮ್ಮಲ್ಲಿಲ್ಲ. ಆದರೂ ಭಾಷಣಗಳು ಮುಗಿದವು, ಪೊಲೀಸರು ಇನ್ನೂ ಬಂದಿರಲಿಲ್ಲ. "ಶಿವಮೊಗ್ಗದಲ್ಲಿ ಇನ್ನೊಂದು ಮನೆ ಇದೆ" ಎಂದು ಅವರಲ್ಲೊಬ್ಬ ಹಾರ ತೆಗೆದು ಏಳಹೊರಟ.

ಮಾವ ಮೈಕ್ ಕಿತ್ತುಕೊಂಡ. "ನಾನ್ಯಾಕೆ ಓಡಿ ಬಂದೆ ಅಂತ ಯಾರೂ ಕೇಳಿಲ್ಲ. ಇವತ್ತು ಹೇಳ್ತೀನಿ."

ಜನ ಒತ್ತಿಕೊಂಡು ಮುಂದೆ ಬಂದರು. ಕುರ್ಚಿಯಿಂದ ಏಳಲೂ ಜಾಗವಿಲ್ಲ. ಜೊತೆಯವನು ಪಕ್ಕದಲ್ಲೇ ಸತ್ತದ್ದು, ರೈಲಿನ ಕಕ್ಕಸಿನಲ್ಲಿ ಅಡಗಿ ಬಂದದ್ದು, ಒಂದನ್ನೂ ಬಿಡಲಿಲ್ಲ. "ಹೆದರ್ಕೊಂಡೆ. ಅದಕ್ಕೆ ಬೇರೆ ಹೆಸರಿಲ್ಲ." ಪೊಲೀಸ್ ಜೀಪು ಬರುವವರೆಗೂ, ತನ್ನ ಮಾನವನ್ನೇ ಹರಾಜಿಗಿಟ್ಟ ಹಾಗೆ, ಹೇಳುತ್ತಲೇ ಇದ್ದ. ಆ ಇಬ್ಬರೂ ಶತ್ರುದೇಶದ ಬೇಹುಗಾರರಂತೆ; ಅವರ ಮೊಬೈಲಿನಲ್ಲಿ ಎಷ್ಟೋ ಸೈನಿಕರ ಠಿಕಾಣಿಗಳಿದ್ದವಂತೆ.

ಜಗಲಿಯ ಮೇಲೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅಜ್ಜ ಒಂದು ಚೊಂಬು ನೀರು ತಂದರು. "ತಗೋ, ಕುಡಿ. ಎಷ್ಟ್ ಹೊತ್ತು ಮಾತಾಡ್ದೆ ಮಗ."

ಹೋದ ವರ್ಷ ಮಾವ ತೀರಿಕೊಂಡ. ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆದವಳು ನಾನು. ಈಗ ಶಿವಮೊಗ್ಗದ ಸವಳಂಗ ರಸ್ತೆಯ ಕಾಲೇಜೊಂದರಲ್ಲಿ ಉಪನ್ಯಾಸಕಿ. ಮೊದಲ ತರಗತಿಯ ದಿನ, "ನನಗೆ ಹೆದರಿಕೆ ಆಗ್ತಿದೆ" ಎಂದು ಮಕ್ಕಳಿಗೆ ನೇರವಾಗಿ ಹೇಳಿ ಪಾಠ ಶುರು ಮಾಡಿದೆ. ಹಾಗೆ ಹೇಳಬಹುದೆಂದು ತೋರಿಸಿಕೊಟ್ಟವನು ಮಾವ.