ಸದ್ದು ಹೊರಹೋಗದ ಕೋಣೆಯಲ್ಲಿ ಕೇಳಿದ ಪ್ರಶ್ನೆ

ಆ ಬೆಳಿಗ್ಗೆ ಕುಕ್ಕರ್ ಸೀಟಿ ಹೊಡೆಯಲೇ ಇಲ್ಲ. ಬೇಳೆ ಸೀದ ವಾಸನೆ ಬಂದಾಗ ಗೊತ್ತಾಯಿತು, ಕೆಟ್ಟದ್ದು ಕುಕ್ಕರಲ್ಲ.

ನನ್ನ ಕಿವಿ.

ಎಡಗಿವಿಯಿಂದ ನೀರಿನಂಥ ರಕ್ತ ಇಳಿದು ದಿಂಬಿಗೆ ಅಂಟಿತ್ತು. ಬಲಗಿವಿ ಹಳೆಯ ಏಟುಗಳಿಗೆ ಮೊದಲೇ ಮಂದ. ಎದುರಿನವರು ಕೂಗಿದರೆ ಅಷ್ಟಿಷ್ಟು ತಿಳಿಯುತ್ತಿತ್ತು. ಹಿಂದಿನ ದಿನ ಗಂಡ ಕೆನ್ನೆಗೆ ಹೊಡೆದಿದ್ದ ಎಂದು ಈಗ ಒಂದೇ ಸಾಲಿನಲ್ಲಿ ಬರೆಯುತ್ತಿದ್ದೇನೆ. ಆಗ ಬಾಯಿಬಿಟ್ಟು ಹೇಳುವ ಧೈರ್ಯ ನನಗಿರಲಿಲ್ಲ.

ಸೊಲ್ಲಾಪುರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದವನೂ ಅವನೇ. ಡಾಕ್ಟರು ನನ್ನನ್ನು ಕೇಳಿದರೆ ಉತ್ತರ ಅವನದು. ನಾನು ಟವೆಲ್ ಕಾರ್ಖಾನೆಯಲ್ಲಿ ಅಂಚು ಹೊಲಿಯುವವಳು. "ಮಗ್ಗದ ಸಪ್ಪಳಕ್ಕ ಕಿವಿ ಹೋಗ್ಯಾವರಿ," ಎಂದನಂತೆ. ಸುಳ್ಳು ಹೇಳುವುದರಲ್ಲಿ ಜಾಣ. ಆದರೆ ಕಿವಿಯ ಪರದೆ ಹರಿದಿತ್ತು. ಮಗ್ಗದ ಸದ್ದಿಗೆ ಅದು ಹಾಗೆ ಹರಿಯುವುದಿಲ್ಲವೆಂದು ಡಾಕ್ಟರಿಗೆ ಗೊತ್ತಿತ್ತು. ಅವನೆದುರು ಏನೂ ಅನ್ನದೆ ನನ್ನನ್ನು ಕಿವಿ ಎಷ್ಟು ಕೇಳುತ್ತದೆಂದು ನೋಡುವ ಆಡಿಯೋಮೆಟ್ರಿಗೆ ಕಳಿಸಿ, ಸರ್ಕಾರದ ಮಹಿಳಾ ಸಹಾಯ ಕೇಂದ್ರಕ್ಕೆ ಫೋನ್ ಮಾಡಿದರು. ಇದೆಲ್ಲ ಆಮೇಲೆ ತಿಳಿದದ್ದು.

ಕಿವಿ ಕೇಳದವಳ ಹತ್ತಿರ ಗುಟ್ಟು ಮಾತಾಡುವುದು ಹೇಗೆ? ಕೂಗಿದರೆ ಹೊರಗೆ ಕಾಯುತ್ತಿದ್ದ ಗಂಡನಿಗೂ ಕೇಳುತ್ತದೆ. ಆಡಿಯೋಮೆಟ್ರಿಯದು ಸದ್ದು ಹೊರಹೋಗದ ಪುಟ್ಟ ಕೋಣೆ. ತಲೆಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕು. ಪರೀಕ್ಷೆ ಮುಗಿದ ಮೇಲೆ ಗಾಜಿನಾಚೆ ಕೇಂದ್ರದ ಹೆಣ್ಣುಮಗಳು ಬಂದು ಕೂತಳು. ಮೈಕಿನಲ್ಲಿ ಅವಳು ಮೆಲ್ಲಗೆ ಆಡಿದರೂ ನನ್ನ ಬಲಗಿವಿಗೆ ದೊಡ್ಡದಾಗಿ ಕೇಳಿತು.

"ಅಕ್ಕಾರ, ನಿಮ್ಮ ಮನಿಯವರಿಗೆ ಇದು ಕೇಳಸೂದಿಲ್ರಿ. ಯಾರು ಹೊಡದಾರ ಹೇಳ್ರಿ."

ನಾನು ಗುಂಡಿ ಒತ್ತಿದೆ. ಹೆದರಿಕೆಗೆ ಮತ್ತೇನು ಮಾಡಬೇಕೋ ತಿಳಿಯಲಿಲ್ಲ. ಅವಳು ಮತ್ತೆ ಕೇಳಿದಳು.

"ನಮ್ಮ ಮನಿಯವರ ಹೊಡದಾರ್ರಿ," ಅಂದೆ.

ನನ್ನ ದನಿ ನನಗೇ ಕೇಳಿಸಲಿಲ್ಲ.

ಆ ದಿನ ನಾನು ಅವನ ಜೊತೆ ಮನೆಗೆ ಹೋಗದೆ ಕೇಂದ್ರದಲ್ಲೇ ಉಳಿದೆ. ಮನೆಯಲ್ಲಿ ಹಿಂಸೆಗೆ ಸಿಕ್ಕ ಹೆಂಗಸರಿಗೆಂದು ಸರ್ಕಾರ ನೇಮಿಸಿದ ರಕ್ಷಣಾಧಿಕಾರಿ ಅರ್ಜಿ ಬರೆಸಿದರು. ಅವನು ಮನೆ ಬಿಡಬೇಕು, ನನ್ನ ಹತ್ತಿರ ಸುಳಿಯಬಾರದು ಎಂದು ಕೋರ್ಟು ಆದೇಶ ಕೊಟ್ಟಿತು. ನಾನು ಮನೆಗೆ ಮರಳಿದೆ. ತವರೂರು ವಾಗದರಿಯಿಂದ ಅವ್ವ ಬಂದು ಜೊತೆಗಿದ್ದಾಳೆ. ಪರದೆಗೆ ಆಪರೇಷನ್ ಆಯಿತು. ಎಡಗಿವಿ ಮಾತ್ರ ಕೇಳಲಿಲ್ಲ, ಇನ್ನು ಕೇಳುವುದೂ ಇಲ್ಲವಂತೆ. ಗಂಡನನ್ನು ಹೊರಗೆ ಹಾಕಿದವಳು ಎಂದು ಓಣಿಯವರು ಬೆನ್ನ ಹಿಂದೆ ಆಡಿಕೊಳ್ಳುತ್ತಾರಂತೆ. ಅದು ಕೇಳಿಸದಿರುವುದೊಂದು ಲಾಭ.

ಆ ಹೆಣ್ಣುಮಗಳಿಗೆ, ಡಾಕ್ಟರಿಗೆ, ಕಾನೂನಿಗೆ ನಾನು ಋಣಿ. ಆದರೆ ಭಯ ಹೋಗಿಲ್ಲ. ಆದೇಶ ಮೀರಿ ಅವನು ಬಂದು ಹಿಂದೆ ನಿಂತರೂ ನನಗೆ ಗೊತ್ತಾಗುವುದಿಲ್ಲ. ಅದಕ್ಕೇ ಅವ್ವ ಈಗ ಬಾಗಿಲ ಕಡೆ ಮುಖಮಾಡಿ ಕೂತು ರೊಟ್ಟಿ ಬಡಿಯುತ್ತಾಳೆ.