ನೀರಾನೆಗೊಂದು ವನ್ಸ್ ಮೋರ್

ದೋಹಾದಾಚೆಯ ರಾಸ್ ಲಫಾನ್‌ನ ಗ್ಯಾಸ್ ಸ್ಥಾವರದಲ್ಲಿ ವೆಲ್ಡಿಂಗ್ ಫೋರ್‌ಮನ್ ಆಗಿರುವ ಯಮನಪ್ಪನಿಗೆ ಸಾಯುವುದೆಂದರೆ ಬಲು ಇಷ್ಟ. ರಂಗದ ಮೇಲೆ ಮಾತ್ರ, ಮತ್ತೆ. ಹರೆಯದಲ್ಲಿ ರೋಣದ ಕಡೆಯ ನಾಟಕಗಳಲ್ಲಿ ಅವನು ಎಷ್ಟು ಸೊಗಸಾಗಿ ಸಾಯುತ್ತಿದ್ದನೆಂದರೆ ಜನ ‘ವನ್ಸ್ ಮೋರ್’ ಎಂದು ಕೂಗುತ್ತಿದ್ದರು. ಕೂಗಿದ ಮೇಲೆ ಹೆಣವೇ ಆಗಿರಲಿ, ಎದ್ದು ಇನ್ನೊಮ್ಮೆ ಆಡಿ ತೋರಿಸಬೇಕು. ಅದು ಆ ಕಡೆಯ ರಿವಾಜು. ಹೆಂಡತಿ ನೀಲಕ್ಕನಿಗೆ ಮಾತ್ರ ಈ ಹುಚ್ಚು ಕಂಡರೆ ಮೈಯೆಲ್ಲ ಉರಿ.

ಈ ವರ್ಷ ದೋಹಾ ಕನ್ನಡಿಗರ ಮಕ್ಕಳಿಗೆ ನಾಟಕ ಕಲಿಸಿದವರು ಮಂಗಳೂರಿನ ತಾರಾನಾಥ. ಆರಿಸಿದ್ದು ಸೈಪ್ರಸ್ ದ್ವೀಪದ ಕುಳ್ಳ ನೀರಾನೆಗಳ ಕತೆ. ಹಂದಿಗಿಂತ ತುಸು ದೊಡ್ಡ ಪ್ರಾಣಿ, ಸಾವಿರಾರು ವರ್ಷಗಳ ಹಿಂದೆಯೇ ವಂಶ ಅಳಿಯಿತು. ದೋಣಿಯಲ್ಲಿ ಬಂದ ಮನುಷ್ಯರು ತಿಂದು ಮುಗಿಸಿದರೆಂದು ಕೆಲವರು, ಅವರು ಬರುವ ಹೊತ್ತಿಗೆ ಅವು ಇರಲೇ ಇಲ್ಲವೆಂದು ಕೆಲವರು. ತಾರಾನಾಥರಿಗೆ ಮೊದಲನೆಯದೇ ಬೇಕಿತ್ತು, ನಾಟಕವಾಗಬೇಕಲ್ಲ. ಚೆನ್ನಾಗಿ ಸಾಯಬಲ್ಲ ದೊಡ್ಡವರೊಬ್ಬರು ಬೇಕೆಂದು ನೀರಾನೆಯ ಪಾತ್ರ ಯಮನಪ್ಪನಿಗೆ, ಬೇಟೆಗಾತಿ ಅವನ ಹತ್ತು ವರ್ಷದ ಮಗಳು ಶಿವರಂಜನಿ.

ಪೈಪಿಗೆ ಸುತ್ತುವ ಫೋಮಿನಲ್ಲಿ ಯಮನಪ್ಪ ತಾನೇ ನೀರಾನೆಯ ಮೈ ಹೊಲಿದ. ಮಗಳ ಕೈ ಮಾತ್ರ ಈಟಿ ಎಸೆಯಲೊಲ್ಲದು.

“ಅವ್ರೇ ಕೊಂದ್ರು ಅಂತ ಶೂರ್ ಇಲ್ಲ ಅಲ್ಲಾ ಪಪ್ಪಾ, ಮತ್ತ ನಾನ್ಯಾಕ ಕಿಲ್ ಮಾಡ್ಬೇಕು?”

“ನೀ ಹೊಡಿ ನನ್ನವ್ವ. ಮಂದಿ ವನ್ಸ್ ಮೋರ್ ಅಂದ್ರ ಸಾಕು, ನಾ ಏಳ್ತೀನಿ.”

ಅಪ್ಪನ ಆ ಮಾತು ನಂಬಿ ಅವಳು ಒಪ್ಪಿದಳು.

ನಾಟಕದ ಸಂಜೆ ಈಟಿ ತಾಗಿತು. ಯಮನಪ್ಪ ಕಲಿತ ವಿದ್ಯೆಯನ್ನೆಲ್ಲ ಸುರಿದು ಸತ್ತ. ಚಪ್ಪಾಳೆ ಬಂತು, ನಿಂತಿತು. ಸಭೆಯಲ್ಲಿ ಹೆಚ್ಚಿನವರು ಕರಾವಳಿಯವರು, ಉಳಿದವರು ಇಂಗ್ಲಿಷ್ ಶಾಲೆಯ ಮಕ್ಕಳು. ಈ ರಿವಾಜು ಅವರಿಗೇನು ಗೊತ್ತು? ಫೋಮಿನೊಳಗೆ ಬೆವರುತ್ತ ಬಿದ್ದಿದ್ದವನಿಗೆ ಮಗಳು ಬಿಕ್ಕುವುದು ಕೇಳಿಸಿತು. ಕರೆಯದೆ ಹೆಣ ಏಳುವಂತಿಲ್ಲ. ಕೊಟ್ಟ ಮಾತು ನೀರುಪಾಲಾಯಿತಲ್ಲ!

“ವನ್ಸ್ ಮೋರ್!”

ನಾಟಕವೆಂದರೆ ಮೂಗು ಮುರಿಯುವ ನೀಲಕ್ಕ ಕುರ್ಚಿಯ ಮೇಲೆ ಹತ್ತಿ ನಿಂತು ಕೂಗುತ್ತಿದ್ದಳು. ಸಭೆಗೆ ಸಭೆಯೇ ನಕ್ಕು ದನಿಗೂಡಿಸಿತು.

ನೀರಾನೆ ಎದ್ದಿತು, ಮೈ ಕೊಡವಿತು, ಇನ್ನೊಮ್ಮೆ ಸಾಯಲು ಎದೆಯೊಡ್ಡಿ ನಿಂತಿತು. ಈಟಿ ಬರಲಿಲ್ಲ. ಫೋಮಿನ ಬಾಯಿಯ ಸಂದಿಯಿಂದ ನೋಡಿದರೆ ಮಗಳು ಈಟಿಯನ್ನು ಕೆಳಗಿಟ್ಟು, ಜೇಬಿನಿಂದ ಖರ್ಜೂರ ತೆಗೆದು ಅಂಗೈ ಚಾಚಿದ್ದಳು. ಪರದೆಯ ಮರೆಯಲ್ಲಿ ತಾರಾನಾಥರು ತಲೆ ಚಚ್ಚಿಕೊಂಡರು. ಸಾಯುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದ ಯಮನಪ್ಪ ಮಗಳ ಕೈಯಿಂದ ಖರ್ಜೂರ ತಿಂದ, ಬೀಜ ಉಗುಳಿ, ಇನ್ನೊಂದಕ್ಕೆ ಬಾಯಿ ತೆರೆದ.